ಗಾಯದ ಕಲೆಯ ಬಿಗಿತಕ್ಕೂ ಅಳತೆಗೋಲು

ಶಸ್ತ್ರಚಿಕಿತ್ಸೆಯ ಹೊಲಿಗೆ ಬಿಚ್ಚಿದ ಮಾತ್ರಕ್ಕೆ ಗಾಯ ಪೂರ್ಣವಾಗಿ ಮಾಗಿತೆಂದು ಭಾವಿಸುವಂತಿಲ್ಲ. ಮೊದಲ ವಾರದ ಕೊನೆಗೆ ಆ ಭಾಗದ ಬಲ ಸಹಜ ಚರ್ಮದ ಬಲದ ಸುಮಾರು ಶೇ. 3ರಷ್ಟು ಮಾತ್ರ. ಮೂರು ತಿಂಗಳಾದರೂ ಅದು ಸುಮಾರು ಶೇ. 80ನ್ನು ಮುಟ್ಟಿ ನಿಲ್ಲುತ್ತದೆ. ಸಹಜ ಚರ್ಮದಲ್ಲಿ ಬುಟ್ಟಿಯ ಹೆಣಿಗೆಯಂತಿರುವ ಕೊಲಾಜನ್ ಎಳೆಗಳು ಕಲೆಯಲ್ಲಿ ಒಂದೇ ದಿಕ್ಕಿಗೆ ಸಾಲುಗಟ್ಟುವುದೇ ಇದಕ್ಕೆ ಮುಖ್ಯ ಕಾರಣ. ಕೀಲಿನ ಮೇಲಿನ ಕಲೆ ಅತಿಯಾಗಿ ಬಿಗಿದುಕೊಂಡರೆ ಕೈ ಮಡಚಲಾಗದೆ ಕಾರ್ಮಿಕನ ದುಡಿಮೆಗೇ ಧಕ್ಕೆಯೊದಗುತ್ತದೆ.

ಈ ಬಿಗಿತವನ್ನು ವೈದ್ಯರು ಬಹುಕಾಲ ಬೆರಳಿನಿಂದ ಒತ್ತಿ ಅಂದಾಜಿಸುತ್ತಿದ್ದರು. 1990ರಲ್ಲಿ ಪ್ರಕಟವಾದ ವ್ಯಾಂಕೂವರ್ ಮಾಪಕವು ಬಣ್ಣ, ರಕ್ತಸಂಚಾರ, ಮೃದುತ್ವ ಹಾಗೂ ಎತ್ತರಗಳಿಗೆ ಅಂಕ ನೀಡುವ ಕ್ರಮವನ್ನು ತಂದಿತು. ಆದರೂ ಅಂಕ ನೀಡುವುದು ನೋಡುವವರ ಕಣ್ಣು ಮತ್ತು ಸ್ಪರ್ಶವೇ. ಒಂದೇ ಕಲೆಗೆ ಇಬ್ಬರು ವೈದ್ಯರು ಬೇರೆ ಬೇರೆ ಅಂಕ ನೀಡಿದರೆ, ಮುಲಾಮು ಅಥವಾ ಸಿಲಿಕೋನ್ ಹಾಳೆಯಿಂದ ನಿಜವಾಗಿ ಗುಣವಾಯಿತೇ ಎಂಬುದನ್ನು ನಿರ್ಧರಿಸುವುದು ಹೇಗೆ?

ಈ ಕೊರತೆಯನ್ನು ಉಪಕರಣಗಳು ತುಂಬುತ್ತಿವೆ. ಜರ್ಮನಿಯಲ್ಲಿ ತಯಾರಾಗುವ ಕ್ಯೂಟೋಮೀಟರ್ ಪುಟ್ಟ ರಂಧ್ರದ ಮೂಲಕ ಚರ್ಮವನ್ನು ನಿರ್ವಾತದಿಂದ ಸೆಳೆದು, ಅದು ಎಷ್ಟು ಮೇಲೇಳುತ್ತದೆ, ಬಿಟ್ಟಾಗ ಎಷ್ಟು ಹಿಂದಿರುಗುತ್ತದೆ ಎಂಬುದನ್ನು ಬೆಳಕಿನ ನೆರವಿನಿಂದ ಅಳೆಯುತ್ತದೆ. 2 ಮಿ.ಮೀ. ರಂಧ್ರವು ಮುಖ್ಯವಾಗಿ ಮೇಲ್ಪದರದ ಗುಣವನ್ನು ತಿಳಿಸಿದರೆ, ಆಳದ ಪದರಕ್ಕೆ ಹಿರಿದಾದ ರಂಧ್ರ ಬೇಕು. ರಬ್ಬರ್ ಉದ್ಯಮಕ್ಕೆ ಚಿರಪರಿಚಿತವಾದ ಡ್ಯೂರೋಮೀಟರ್ ಸಹ ಕಲೆಯ ಗಡಸುತನ ಅಳೆಯಲು ಬಳಕೆಯಾಗಿದೆ. ಚರ್ಮದ ಗುಣ ವಯಸ್ಸಿನಿಂದ ವಯಸ್ಸಿಗೆ, ಅಂಗದಿಂದ ಅಂಗಕ್ಕೆ ಬದಲಾಗುವುದರಿಂದ, ಅದೇ ರೋಗಿಯ ಗಾಯವಿಲ್ಲದ ಚರ್ಮದೊಡನೆ ಹೋಲಿಸಿದಾಗಲೇ ಅಳತೆಗೆ ಅರ್ಥ ಬರುತ್ತದೆ.

ಉದ್ದಿಮೆದಾರರು ಗಮನಿಸಬೇಕಾದುದು ಇಲ್ಲಿಯೇ. ಸಂವೇದಕ, ಸೂಕ್ಷ್ಮ ಸ್ಪ್ರಿಂಗ್, ನಿರ್ವಾತ ಪಂಪು ಹಾಗೂ ನಿಖರ ಯಂತ್ರಗಾರಿಕೆ ಇಂತಹ ಉಪಕರಣಗಳ ಜೀವಾಳ. ಎಚ್.ಎಂ.ಟಿ. ಕೈಗಡಿಯಾರಗಳನ್ನು ತಯಾರಿಸಿದ ತುಮಕೂರಿಗೆ ಸೂಕ್ಷ್ಮ ಅಳತೆಯ ಕೆಲಸ ಹೊಸದಲ್ಲ. ವಸಂತನರಸಾಪುರದ ಕೈಗಾರಿಕಾ ಪ್ರದೇಶವೂ ಸಮೀಪದಲ್ಲಿದೆ. ಕೈಯಲ್ಲಿ ಹಿಡಿಯಬಹುದಾದ ಸರಳ ಉಪಕರಣ ಸುಲಭ ಬೆಲೆಗೆ ದೊರೆತರೆ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ರೋಗಿಗಳ ಚೇತರಿಕೆಯನ್ನು ಸ್ಥಳೀಯ ಆಸ್ಪತ್ರೆಗಳಲ್ಲೇ ದಾಖಲಿಸಬಹುದು.

ಆದರೆ ನಿಯಮಗಳ ಅರಿವು ಅಗತ್ಯ. 2017ರ ವೈದ್ಯಕೀಯ ಸಾಧನಗಳ ನಿಯಮಗಳು ಸಾಧನಗಳನ್ನು ಅಪಾಯಕ್ಕನುಗುಣವಾಗಿ ಎ, ಬಿ, ಸಿ, ಡಿ ಎಂದು ವಿಂಗಡಿಸಿವೆ. ಎ ಮತ್ತು ಬಿ ವರ್ಗದ ತಯಾರಿಕೆಗೆ ರಾಜ್ಯ ಪ್ರಾಧಿಕಾರವೇ ಪರವಾನಗಿ ನೀಡುತ್ತದೆ. 2022ರಲ್ಲಿ ಎ ವರ್ಗದ ಕೆಲವು ಸಾಧನಗಳಿಗೆ ನೀಡಿದ ವಿನಾಯಿತಿಯು ಅಳತೆ ಮಾಡುವ ಸಾಧನಗಳಿಗೆ ಅನ್ವಯಿಸದು. ಎರಡು ಊರುಗಳಲ್ಲಿ ಪಡೆದ ಅಂಕಿಗಳು ತಾಳೆಯಾಗಬೇಕಾದರೆ ಕಾಲಕಾಲಕ್ಕೆ ಮಾಪನಾಂಕ ಪರೀಕ್ಷೆಯೂ ನಡೆಯಬೇಕು. ತಪ್ಪು ಅಂಕಿಯನ್ನು ನಂಬಿ ಚಿಕಿತ್ಸೆ ನಿಲ್ಲಿಸಿದರೆ ನಷ್ಟ ರೋಗಿಯದು. ಆದ್ದರಿಂದ ಈ ವ್ಯವಹಾರದಲ್ಲಿ ಬೆಲೆಗಿಂತ ನಿಖರತೆಯೇ ಮೊದಲ ಬಂಡವಾಳ.