ಹಕ್ಕು ಉಂಟು, ಕಾರ್ಡ್ ಇಲ್ಲ

ಆ ರಾತ್ರಿ ದೇವನಹಳ್ಳಿಯ ವಿಮಾನ ನಿಲ್ದಾಣದ ಬಾಗಿಲಲ್ಲಿ ಮಗಳನ್ನು ಬೀಳ್ಕೊಟ್ಟು ಬಳ್ಳಾರಿಯ ದಾರಿ ಹಿಡಿದಿದ್ದೆ. ತುಮಕೂರು ದಾಟುವಷ್ಟರಲ್ಲಿ ಫೋನ್ ಬಂತು. ‘ಅಪ್ಪಾಜಿ, ನನ್ನನ್ನು ವಿಮಾನ ಹತ್ತಿಸಿಕೊಳ್ಳುವುದಿಲ್ಲವಂತೆ. ವಾಪಸು ಬರ್ತೀರಾ?’ ಟಿಕೆಟು, ಪಾಸ್‌ಪೋರ್ಟು ಎರಡೂ ಅವಳ ಕೈಯಲ್ಲಿದ್ದವು. ಕೆನಡಾ ಸರ್ಕಾರವು ಅವಳನ್ನು ತನ್ನ ದೇಶದ ಕಾಯಂ ನಿವಾಸಿಯೆಂದು ದೃಢೀಕರಿಸಿ ನೀಡಿದ ಪತ್ರವೂ ಇತ್ತು. ಆದರೆ ಕೌಂಟರಿನಲ್ಲಿ ಕೇಳಿದ್ದು ಅಂಗೈಯಗಲದ ಪ್ಲಾಸ್ಟಿಕ್ ಕಾರ್ಡ್. ಅದಿನ್ನೂ ಅವಳ ಮನೆಗೆ ಬಂದಿರಲಿಲ್ಲ.

ಅವಳನ್ನು ಊರಿಗೆ ಕರೆಸಿದವನು ನಾನೇ. ಕುರುಗೋಡಿನ ಹಳೆಯ ಮನೆಯಲ್ಲಿ ನನ್ನ ತಾಯಿ ಹಾಸಿಗೆ ಹಿಡಿದಿದ್ದರು. ತೊಂಬತ್ತು ಸಮೀಪಿಸಿದ್ದ ಅವರು ದಿನಕ್ಕೆ ಹತ್ತು ಸಲ ‘ಮೊಮ್ಮಗಳು ಬಂದಳೇನು?’ ಎಂದು ಕೇಳುತ್ತಿದ್ದರು. ನಾನು ಫೋನಿನಲ್ಲಿ ‘ಒಮ್ಮೆ ಬಂದು ಮುಖ ತೋರಿಸಿ ಹೋಗವ್ವಾ’ ಎಂದೆ. ಅವಳು ಕಾಯಂ ನಿವಾಸಿಯಾಗಿ ಒಂದು ತಿಂಗಳಾಗಿತ್ತಷ್ಟೆ. ‘ಕಾರ್ಡ್ ಬರಬೇಕು ಅಪ್ಪಾಜಿ’ ಎಂದು ಅವಳು ಹೇಳಿದ್ದು ನೆನಪಿದೆ. ಅದು ನನ್ನ ಕಿವಿಗೆ ಬಿತ್ತೇ ಹೊರತು ಮನಸ್ಸಿಗೆ ತಟ್ಟಲಿಲ್ಲ. ನಾಲ್ಕು ವರ್ಷದ ಮಗುವನ್ನು ಗಂಡನ ಬಳಿ ಬಿಟ್ಟು ಮೂರನೆಯ ದಿನ ಕುರುಗೋಡು ಸೇರಿದಳು. ಅಜ್ಜಿ ಅವಳ ಕೈ ಹಿಡಿದುಕೊಂಡೇ ಎರಡು ದಿನ ಇದ್ದು ಕಣ್ಮುಚ್ಚಿದರು. ಆ ಎರಡು ದಿನಗಳ ಬಗ್ಗೆ ನನಗೆ ಯಾವ ಪಶ್ಚಾತ್ತಾಪವೂ ಇಲ್ಲ. ಅದಕ್ಕೆ ತೆತ್ತ ಬೆಲೆಯ ಲೆಕ್ಕವನ್ನು ಮೊದಲೇ ಹಾಕಲಿಲ್ಲವಲ್ಲ ಎಂಬ ಕೊರಗು ಮಾತ್ರ ಇದೆ.

ಕೆನಡಾದಿಂದ ಹೊರಡುವಾಗ ಅವಳನ್ನು ಯಾರೂ ತಡೆಯಲಿಲ್ಲ. ನಮ್ಮಲ್ಲಿರುವಂತೆ ಅಲ್ಲಿ ನಿರ್ಗಮಿಸುವವರ ಪಾಸ್‌ಪೋರ್ಟಿಗೆ ಮುದ್ರೆಯೊತ್ತುವ ವಲಸೆ ಅಧಿಕಾರಿ ಕೂರುವುದಿಲ್ಲ. ಹೊರಹೋಗುವ ಬಾಗಿಲು ತೆರೆದೇ ಇರುತ್ತದೆ, ಕಾವಲೆಲ್ಲ ಒಳಬರುವ ಬಾಗಿಲಿಗೆ. ಆತುರದಲ್ಲಿ ಹೊರಟವರಿಗೆ ಇದು ಹೊಳೆಯುವುದು ಹಿಂದಿರುಗುವ ದಿನವೇ.

ಆಮೇಲೆ ಕಾನೂನನ್ನು ಓದಿದೆ. 2002ರ ಜೂನ್ 28ರಂದು ಜಾರಿಗೆ ಬಂದ ಕೆನಡಾದ ವಲಸೆ ಮತ್ತು ನಿರಾಶ್ರಿತರ ರಕ್ಷಣಾ ಕಾಯ್ದೆಯ 27ನೇ ವಿಧಿಯು ಕಾಯಂ ನಿವಾಸಿಗೆ ಆ ದೇಶವನ್ನು ಪ್ರವೇಶಿಸುವ ಮತ್ತು ಅಲ್ಲಿ ನೆಲೆಸುವ ಹಕ್ಕನ್ನು ನೀಡುತ್ತದೆ. ಐದು ವರ್ಷಗಳ ಅವಧಿಯಲ್ಲಿ 730 ದಿನ ಅಲ್ಲಿರಬೇಕೆಂಬ ನಿಬಂಧನೆಯುಂಟು. ಕಾರ್ಡ್ ಇಲ್ಲವೆಂಬ ಕಾರಣಕ್ಕೆ ಹಕ್ಕು ರದ್ದಾಗುವುದಿಲ್ಲ. ಆದರೆ 31ನೇ ವಿಧಿಯಲ್ಲಿ ಇನ್ನೊಂದು ಮಾತಿದೆ: ದೇಶದ ಹೊರಗಿದ್ದು ಸ್ಥಾನಮಾನದ ದಾಖಲೆಯನ್ನು ತೋರಿಸಲಾರದವನು, ಅಧಿಕಾರಿಯು ಬೇರೆ ರೀತಿ ನಿರ್ಣಯಿಸದ ಹೊರತು, ಕಾಯಂ ನಿವಾಸಿಯಲ್ಲವೆಂದೇ ಭಾವಿಸತಕ್ಕದ್ದು. ಹಕ್ಕು ಒಂದು ವಿಧಿಯಲ್ಲಿ, ಅದರ ಮೇಲಿನ ಸಂಶಯ ಇನ್ನೊಂದರಲ್ಲಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ಇಷ್ಟು ಅಚ್ಚುಕಟ್ಟಾಗಿ ಕಾನೂನಿನ ಭಾಷೆಯಲ್ಲಿ ಬರೆದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕೌಂಟರಿನಲ್ಲಿದ್ದ ಹುಡುಗಿಯನ್ನು ಮಾತ್ರ ದೂರಲಾರೆ. ಅವಳು ವಿನಯದಿಂದಲೇ ಎರಡು ಕಡೆ ಫೋನ್ ಮಾಡಿ ವಿಚಾರಿಸಿದಳಂತೆ. ಸರಿಯಾದ ದಾಖಲೆಯಿಲ್ಲದವರನ್ನು ಕರೆತಂದರೆ ವಿಮಾನ ಸಂಸ್ಥೆಯು ಕೆನಡಾ ಸರ್ಕಾರಕ್ಕೆ ಆಡಳಿತ ಶುಲ್ಕ ತೆರಬೇಕಾಗುತ್ತದೆ. ಒಳಗೆ ಬಿಡದಿದ್ದರೆ ಆ ಪ್ರಯಾಣಿಕನನ್ನು ವಾಪಸು ಕರೆತರುವ ಹೊಣೆಯೂ ಅದರದೇ. 2003ರ ಡಿಸೆಂಬರ್ 31ರಿಂದ ವಿಮಾನ, ಹಡಗು, ರೈಲು, ಬಸ್ಸುಗಳಲ್ಲಿ ಹಿಂದಿರುಗುವ ಕಾಯಂ ನಿವಾಸಿಗಳಿಗೆ ಕಾರ್ಡ್ ಕಡ್ಡಾಯವಾಯಿತು. ಅಂದಿನಿಂದ ಕೆನಡಾದ ಗಡಿ ಟೊರೊಂಟೊದಲ್ಲಷ್ಟೇ ಉಳಿದಿಲ್ಲ, ದೇವನಹಳ್ಳಿಯ ಕೌಂಟರಿಗೂ ಬಂದು ಕುಳಿತಿದೆ.

ಟಿಕೆಟಿನ ಕಿಟಕಿಯನ್ನೇ ಗಡಿಯನ್ನಾಗಿಸುವ ಉಪಾಯ ಹಳೆಯದು. ತಾಯ್ನಾಡಿನಿಂದ ಎಲ್ಲಿಯೂ ಇಳಿಯದೆ ನೇರವಾಗಿ ಬಂದವರಿಗೆ ಮಾತ್ರ ಪ್ರವೇಶ ಎಂಬ ನಿಯಮವನ್ನು ಕೆನಡಾ 1908ರಲ್ಲಿ ತಂದಿತು. ಭಾರತದಿಂದ ಅಂಥ ನೇರ ಟಿಕೆಟನ್ನು ಮಾರದಂತೆ ಹಡಗಿನ ಕಂಪನಿಯ ಮೇಲೆ ಒತ್ತಡವನ್ನೂ ಹೇರಿತು. 1914ರಲ್ಲಿ 376 ಪ್ರಯಾಣಿಕರನ್ನು ಹೊತ್ತು ವ್ಯಾಂಕೂವರ್ ತಲುಪಿದ ಕೊಮಗಾಟ ಮಾರು ಹಡಗು ಎರಡು ತಿಂಗಳು ಬಂದರಿನಲ್ಲೇ ನಿಂತು, ಬಹುಪಾಲು ಪ್ರಯಾಣಿಕರೊಡನೆ ಹಿಂದಿರುಗಬೇಕಾಯಿತು. 2016ರಲ್ಲಿ ಕೆನಡಾದ ಪ್ರಧಾನಿ ಸಂಸತ್ತಿನಲ್ಲಿ ಇದಕ್ಕಾಗಿ ಕ್ಷಮೆ ಕೇಳಿದರು. ಆ ಅನ್ಯಾಯವನ್ನೂ ನನ್ನ ಮಗಳ ತೊಂದರೆಯನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ತಪ್ಪು. ಅಂದಿನದು ಜನಾಂಗ ದ್ವೇಷ, ಇಂದಿನದು ಕಾಗದದ ವಿಳಂಬ. ಆದರೂ ದೇಶದ ಬಾಗಿಲ ಕೀಲಿಯನ್ನು ಟಿಕೆಟು ಕೊಡುವವರ ಕೈಗೆ ಒಪ್ಪಿಸುವ ಉಪಾಯ ಎರಡಕ್ಕೂ ಸಮಾನ.

ಹೀಗೆ ಗಡಿಯ ಬಗ್ಗೆ ಯೋಚಿಸುವಾಗ ತೀರಿಹೋದ ತಾಯಿಯೇ ನೆನಪಾಗುತ್ತಾರೆ. ಅವರ ತವರು ಆದವಾನಿ. ಮದುವೆಯಾಗಿ ಕುರುಗೋಡಿಗೆ ಬಂದಾಗ ಎರಡೂ ಮದರಾಸು ರಾಜ್ಯದ ಬಳ್ಳಾರಿ ಜಿಲ್ಲೆಯ ಊರುಗಳೇ. 1953ರ ಅಕ್ಟೋಬರ್ 1ರಂದು ಜಿಲ್ಲೆ ಒಡೆಯಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಬಳ್ಳಾರಿ, ಸಿರುಗುಪ್ಪ ಮೈಸೂರಿಗೆ ಬಂದವು. ಒಂದೇ ರಾತ್ರಿಯಲ್ಲಿ ತಾಯಿಯ ತವರು ಪರರಾಜ್ಯವಾಯಿತು. ಆದರೂ ಪ್ರತಿ ನಾಗರ ಪಂಚಮಿಗೆ ಸಿರುಗುಪ್ಪದ ಮೇಲೆ ಬಸ್ಸು ಹಿಡಿದು ಅವರು ತವರಿಗೆ ಹೋಗಿಬರುತ್ತಿದ್ದರು. ‘ನೀನು ಯಾವ ರಾಜ್ಯದವಳು, ಚೀಟಿ ತೋರಿಸು’ ಎಂದು ಯಾರೂ ಕೇಳಲಿಲ್ಲ. ಒಂದೇ ದೇಶದೊಳಗಿನ ಗೆರೆಗೂ ಎರಡು ದೇಶಗಳ ನಡುವಣ ಗಡಿಗೂ ವ್ಯತ್ಯಾಸವಿದೆ ಎಂದು ಬಲ್ಲೆ. ಆದರೆ ನಮ್ಮಂಥ ಮನೆಗಳಲ್ಲಿ ‘ಬಂದು ಹೋಗು’ ಎಂಬ ಮಾತು ಹುಟ್ಟಿದ್ದು ಅಂಥ ತವರು ದಾರಿಗಳಲ್ಲಿ. ಅದನ್ನೇ ಸಾಗರದಾಚೆಯ ಮಕ್ಕಳಿಗೂ ಹೇಳುತ್ತಿದ್ದೇವೆ.

ವಿಮಾನ ನಿಲ್ದಾಣದಿಂದ ಹಿಂದಿರುಗಿದ ಮಗಳು ಅರ್ಧ ದಿನಗಳನ್ನು ನಮ್ಮೊಡನೆ, ಉಳಿದವನ್ನು ಸಿರುಗುಪ್ಪದ ಗಂಡನ ಮನೆಯಲ್ಲಿ ಕಳೆದಳು. ಅಲ್ಲಿ ಓಣಿಯ ಜನರ ಪ್ರಶ್ನೆಗಳು ಬೇರೆ: ಕೆಲಸ ಹೋಯಿತೇ, ಗಂಡನೊಡನೆ ಮನಸ್ತಾಪವೇ, ಅಲ್ಲಿಯವರು ಹೊರಗೆ ಹಾಕಿದರೇ? ಭತ್ತ ಬೆಳೆಯುವ ನಮ್ಮ ಬೀಗರು ಮಾತ್ರ ವಿಷಯವನ್ನು ಒಂದೇ ಸಲಕ್ಕೆ ಗ್ರಹಿಸಿದರು. ‘ಹೊಲ ನಮ್ಮಪ್ಪನದೇ, ಉಳುಮೆ ನನ್ನದೇ. ಪಹಣಿಯಲ್ಲಿ ಹೆಸರು ಏರದಿದ್ದರೆ ಬ್ಯಾಂಕಿನವನಿಗೆ ನಾನು ಯಾರು ಹೇಳ್ರಿ?’ ಎಂದರು. ನಮ್ಮ 1964ರ ಭೂಕಂದಾಯ ಕಾಯ್ದೆಯ 133ನೇ ವಿಧಿಯೂ ಪಹಣಿಯ ನಮೂದನ್ನು, ಸುಳ್ಳೆಂದು ಸಾಬೀತಾಗುವವರೆಗೆ, ನಿಜವೆಂದು ಭಾವಿಸುತ್ತದೆ. ಪಹಣಿ ಒಡೆತನವನ್ನು ಹುಟ್ಟಿಸುವುದಿಲ್ಲ. ಆದರೆ ಅದಿಲ್ಲದ ಒಡೆಯ ಕಚೇರಿಯಿಂದ ಕಚೇರಿಗೆ ಅಲೆಯಬೇಕು. ಮಗಳ ಪಾಡೂ ಅದೇ ಆಗಿತ್ತು.

ದಾರಿ ಇರಲಿಲ್ಲವೆಂದಲ್ಲ. ಕಾರ್ಡ್ ಇಲ್ಲದೆ ಹೊರದೇಶದಲ್ಲಿ ಸಿಕ್ಕಿಕೊಂಡ ಕಾಯಂ ನಿವಾಸಿಗೆ ಕೆನಡಾ ವಿಶೇಷ ಪ್ರಯಾಣ ದಾಖಲೆಯನ್ನು ನೀಡುತ್ತದೆ. ಶುಲ್ಕ 50 ಡಾಲರ್. ಅರ್ಜಿಯನ್ನು ಕೆನಡಾದ ಹೊರಗಿದ್ದುಕೊಂಡೇ ಸಲ್ಲಿಸಬೇಕು, ನಿವಾಸದ ಪುರಾವೆಗಳನ್ನು ಒದಗಿಸಬೇಕು, ಕೊನೆಗೆ ಪಾಸ್‌ಪೋರ್ಟನ್ನು ಒಪ್ಪಿಸಬೇಕು. ಮಗಳು ಊರಿಗೆ ಬಂದ ದಿನವೇ ಅರ್ಜಿ ಹಾಕಿದ್ದರೆ ದಿನದ ಕಾರ್ಯಗಳು ಮುಗಿಯುವ ಹೊತ್ತಿಗೆ ಅರ್ಧ ಕಾಯುವಿಕೆ ಕಳೆದಿರುತ್ತಿತ್ತು. ವಿಮಾನ ತಪ್ಪಿದ ಮೇಲೆ ಹಾಕಿದ್ದರಿಂದ ಏಳು ವಾರ ಹಿಡಿಯಿತು. ಅಷ್ಟು ದಿನ ಸಂಬಳವಿಲ್ಲದ ರಜೆ. ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರೆಗೆ ಎಷ್ಟೋ ವರ್ಷಗಳ ಮೇಲೆ ಅವಳು ಊರಿನಲ್ಲಿದ್ದಳು. ತೇರಿಗೆ ಉತ್ತತ್ತಿ, ಬಾಳೆಹಣ್ಣು ಎಸೆಯುವ ಜನರ ನಡುವೆ ನಿಂತು ಫೋನಿನಲ್ಲಿ ಮಗುವಿಗೆ ತೇರು ತೋರಿಸಿದಳು. ಮಗು ತೇರು ನೋಡಲಿಲ್ಲ. ‘ಅಮ್ಮಾ, ಇವತ್ತು ಬರ್ತೀಯಾ?’ ಎಂದು ಕೇಳಿತು. ನಾನು ಅಲ್ಲಿಂದ ಬೇರೆ ಕಡೆ ಸರಿದು ನಿಂತೆ.

ಈ ತೊಡಕನ್ನು ಬಿಡಿಸುವುದು ಅಸಾಧ್ಯವೇ? ಅಮೆರಿಕಕ್ಕೆ ವಲಸೆ ವೀಸಾದ ಮೇಲೆ ಹೋದವರಿಗೆ, ಪ್ರವೇಶದ ದಿನ ಆ ವೀಸಾದ ಮೇಲೆ ಒತ್ತುವ ಮುದ್ರೆಯೇ ಒಂದು ವರ್ಷ ಕಾಲ ಗ್ರೀನ್ ಕಾರ್ಡಿನ ಬದಲಿಗೆ ಸಲ್ಲುತ್ತದೆ. ಕಾರ್ಡ್ ತಡವಾದರೂ ಅವರು ಊರಿಗೆ ಬಂದು ಹೋಗಬಹುದು. ಹೊಸ ನಿವಾಸಿಗೆ ಇಂಥ ತಾತ್ಕಾಲಿಕ ದಾಖಲೆಯನ್ನು ಕೊಡುವುದು ಕೆನಡಾಕ್ಕೆ ಭಾರವಾಗಲಾರದು. ದಾಖಲೆಯೇ ಹಕ್ಕಿಗಿಂತ ದೊಡ್ಡದಾದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ವಿಂಡ್‌ರಶ್ ಪ್ರಕರಣ ಸಾಕ್ಷಿ. ಕೆರಿಬಿಯನ್ ದ್ವೀಪಗಳಿಂದ ದಶಕಗಳ ಹಿಂದೆ ಬಂದು, ಅಲ್ಲಿ ನೆಲೆಸುವ ಹಕ್ಕನ್ನು ಕಾನೂನಿನಿಂದಲೇ ಪಡೆದಿದ್ದವರ ಬಳಿ ಅದನ್ನು ತೋರಿಸುವ ಕಾಗದವಿರಲಿಲ್ಲ. ಅವರು ಬಂದಿಳಿದಾಗಿನ ಚೀಟಿಗಳನ್ನು ಸರ್ಕಾರವೇ 2010ರಲ್ಲಿ ನಾಶಪಡಿಸಿತ್ತು. ತಾಯ್ನಾಡನ್ನು ನೋಡಿಬರಲು ಹೋದ ಕೆಲವರು ಹಿಂದಿರುಗಲಾಗದೆ ಅಲ್ಲೇ ಉಳಿದರು. 2018ರಲ್ಲಿ ಇದು ಬಯಲಾದಾಗ ಸರ್ಕಾರ ಕ್ಷಮೆ ಕೇಳಬೇಕಾಯಿತು.

ಪರದೇಶದ ಕಾನೂನು ಬದಲಾಗುವವರೆಗೆ ನಮ್ಮ ಕೈಯಲ್ಲಿರುವುದು ನಮ್ಮ ಎಚ್ಚರ. ಬಳ್ಳಾರಿಯ ಓಣಿ ಓಣಿಗಳಿಂದ ಮಕ್ಕಳು ಹೊರದೇಶಗಳಿಗೆ ಹೋಗಿದ್ದಾರೆ. ಮದುವೆ, ಗೃಹಪ್ರವೇಶ, ಜಾತ್ರೆ, ಕಾಯಿಲೆ ಎಂದು ನಾವು ಕರೆಯುತ್ತಲೇ ಇರುತ್ತೇವೆ. ಕರೆಯುವ ಮೊದಲು ‘ಕಾರ್ಡ್ ಕೈಗೆ ಬಂತೇ?’ ಎಂದು ಕೇಳೋಣ. ಸಾವು, ಗಂಭೀರ ಕಾಯಿಲೆಯಂಥ ಸಂದರ್ಭಗಳಲ್ಲಿ ಕಾರ್ಡನ್ನು ತ್ವರಿತವಾಗಿ ಕೊಡಬೇಕೆಂದು ಕೆನಡಾದಲ್ಲಿ ವಿನಂತಿಸಲು ಅವಕಾಶವುಂಟು, ಅದನ್ನು ಬಳಸಲಿ. ಬರಲೇಬೇಕಾದರೆ ದೃಢೀಕರಣ ಪತ್ರ, ವೇತನದ ಚೀಟಿ, ಬಾಡಿಗೆ ಕರಾರು ಎಲ್ಲವನ್ನೂ ಜೊತೆಗೆ ತರಲಿ. ಬಂದ ದಿನವೇ ಪ್ರಯಾಣ ದಾಖಲೆಗೆ ಅರ್ಜಿ ಹಾಕಲಿ. ಹಳೆಯ ತಾತ್ಕಾಲಿಕ ವೀಸಾದ ಅವಧಿ ಇನ್ನೂ ಉಳಿದಿದೆ ಎಂಬ ಧೈರ್ಯದಲ್ಲಿ ಹೊರಡುವುದು ಬೇಡ.

ಮಗಳು ಕೊನೆಗೂ ಟೊರೊಂಟೊದಲ್ಲಿ ಇಳಿದಾಗ ಅಧಿಕಾರಿ ಪಾಸ್‌ಪೋರ್ಟನ್ನು ಕಂಪ್ಯೂಟರಿಗೆ ತೋರಿಸಿ, ಒಂದೆರಡು ಮಾತು ಕೇಳಿ, ಎರಡೇ ನಿಮಿಷದಲ್ಲಿ ಒಳಗೆ ಬಿಟ್ಟರಂತೆ. ಅವಳ ಹೆಸರು ಅಲ್ಲಿ ಮೊದಲಿನಿಂದಲೂ ಇತ್ತು. ಮನೆ ಸೇರಿದ ಎರಡು ವಾರಕ್ಕೆ ಕಾರ್ಡ್ ಅಂಚೆಯಲ್ಲಿ ಬಂತು. ಅದರ ಚಿತ್ರ ಕಳಿಸಿ, ‘ಅಪ್ಪಾಜಿ, ಇನ್ನು ಯಾವಾಗ ಬೇಕಾದರೂ ಕರೆಯಿರಿ’ ಎಂದು ಬರೆದಿದ್ದಳು. ಕುರುಗೋಡಿನ ಮನೆಗೆ ಈಗ ಬೀಗ ಹಾಕಿದೆ. ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದ ಜೀವ ಅಲ್ಲಿಲ್ಲ.