ನೋಡದ ಚಾನೆಲ್ಲಿಗೂ ಒಂದು ಬೆಲೆಯುಂಟು

ಏನು ನೋಡುವುದೆಂದು ತೋಚದೆ ತಡಕಾಡುವ ವೀಕ್ಷಕರಿಗಾಗಿ ನೆಟ್‌ಫ್ಲಿಕ್ಸ್ 2021ರಲ್ಲಿ ‘ಪ್ಲೇ ಸಮ್‌ಥಿಂಗ್’ ಎಂಬ ಗುಂಡಿಯೊಂದನ್ನು ತಂದಿತು. ಒತ್ತಿದರೆ ಸಾಕು, ಯಾವುದೋ ಒಂದು ಕಾರ್ಯಕ್ರಮ ತಾನಾಗಿಯೇ ಶುರುವಾಗುತ್ತಿತ್ತು. ಬಳಸುವವರು ಕಡಿಮೆ ಎಂಬ ಕಾರಣಕ್ಕೆ 2023ರಲ್ಲಿ ಅದನ್ನು ತೆಗೆದೂ ಹಾಕಿತು. ರಿಮೋಟ್ ಒತ್ತುತ್ತ ಚಾನೆಲ್ಲಿಂದ ಚಾನೆಲ್ಲಿಗೆ ಹಾರುವ ಅಭ್ಯಾಸದ ಕಾಲ ಮುಗಿಯಿತು, ಜನರಿಗೆ ಆಕಸ್ಮಿಕ ಬೇಕಿಲ್ಲ ಎಂದು ಇದರಿಂದ ತೀರ್ಮಾನಿಸಬಹುದೇ? ಅವಸರವಾದೀತು. ಗೊತ್ತುಗುರಿಯಿಲ್ಲದೆ ಚಾನೆಲ್ ಬದಲಿಸುವಾಗ ಮೆಚ್ಚಿನ ಧಾರಾವಾಹಿಯೊಂದು ಕಣ್ಣಿಗೆ ಬೀಳುವುದು ಬರೀ ಅದೃಷ್ಟವಲ್ಲ. ಗಣಿತಜ್ಞರು ದಶಕಗಟ್ಟಲೆ ತಲೆಕೆಡಿಸಿಕೊಂಡ ಲೆಕ್ಕವೊಂದು ಅದರ ಹಿಂದಿದೆ.

ಜೂಜುಕಟ್ಟೆಯಲ್ಲಿ ಸಾಲಾಗಿ ಯಂತ್ರಗಳಿವೆ ಎಂದುಕೊಳ್ಳಿ. ಯಾವುದು ಎಷ್ಟು ಬಾರಿ ಗೆಲ್ಲಿಸುತ್ತದೆಂದು ಆಡಿಯೇ ತಿಳಿಯಬೇಕು. ಈಗಾಗಲೇ ಚೆನ್ನಾಗಿ ಕೊಟ್ಟ ಯಂತ್ರಕ್ಕೇ ಅಂಟಿಕೊಳ್ಳಬೇಕೋ, ಕೈಯಿಡದ ಯಂತ್ರವನ್ನೂ ಪರೀಕ್ಷಿಸಬೇಕೋ? ಇದಕ್ಕೆ ‘ಬ್ಯಾಂಡಿಟ್ ಸಮಸ್ಯೆ’ ಎಂದು ಹೆಸರು. ಇದರ ಮೊದಲ ರೂಪ ಹುಟ್ಟಿದ್ದು ಜೂಜಿನಿಂದಲ್ಲ, ವೈದ್ಯಕೀಯದಿಂದ: ಎರಡು ಚಿಕಿತ್ಸೆಗಳಲ್ಲಿ ಯಾವುದು ಮೇಲೆಂದು ರೋಗಿಗಳಿಗೆ ಹೆಚ್ಚು ನಷ್ಟವಾಗದಂತೆ ಪತ್ತೆಹಚ್ಚುವುದು ಹೇಗೆಂದು 1933ರಲ್ಲಿ ವಿಲಿಯಂ ಥಾಂಪ್ಸನ್ ಬರೆದರು. 1952ರಲ್ಲಿ ಹರ್ಬರ್ಟ್ ರಾಬಿನ್ಸ್ ಅದಕ್ಕೆ ಶುದ್ಧ ಗಣಿತದ ಚೌಕಟ್ಟು ಕೊಟ್ಟರು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಮಿತ್ರರಾಷ್ಟ್ರಗಳ ವಿಜ್ಞಾನಿಗಳನ್ನು ಈ ಸಮಸ್ಯೆ ಎಷ್ಟು ಸತಾಯಿಸಿತೆಂದರೆ, ಇದನ್ನು ಜರ್ಮನಿಯ ಮೇಲೆ ಉದುರಿಸಿದರೆ ಶತ್ರುಗಳ ತಲೆಯೂ ಕೆಟ್ಟೀತು ಎಂಬ ಸಲಹೆ ಬಂದಿತ್ತೆಂದು ಗಣಿತಜ್ಞ ಪೀಟರ್ ವಿಟಲ್ ಮುಂದೆ ನೆನೆದಿದ್ದಾರೆ. 1970ರ ದಶಕದಲ್ಲಿ ಗಂಟು ಬಿಡಿಸಿದವರು ಜಾನ್ ಗಿಟ್ಟಿನ್ಸ್. ಮುಂದಿನ ಪ್ರತಿ ಆಟದ ಗೆಲುವಿಗೆ ಅದರ ಹಿಂದಿನ ಆಟದ ಶೇ 90ರಷ್ಟು ಬೆಲೆ ಎಂದಿಟ್ಟುಕೊಂಡರೆ, ಒಮ್ಮೆಯೂ ಆಡಿ ನೋಡದ, ಏನೇನೂ ತಿಳಿಯದ ಯಂತ್ರವು 100ಕ್ಕೆ 70 ಬಾರಿ ಗೆಲ್ಲಿಸುವುದು ಖಚಿತವಾದ ಯಂತ್ರಕ್ಕೆ ಸಮ ಎಂದು ಅವರ ಲೆಕ್ಕ ತೋರಿಸುತ್ತದೆ. ಕಾರಣ ಸರಳ. ಹೊಸದು ಕೆಟ್ಟದಾದರೆ ನಷ್ಟ ಒಂದೆರಡು ಆಟದ್ದು, ಒಳ್ಳೆಯದಾದರೆ ಲಾಭ ಮುಂದಿನ ಆಟಗಳಿಗೆಲ್ಲ. ಅಪರಿಚಿತಕ್ಕೆ ಅಪರಿಚಿತವೆಂಬ ಕಾರಣಕ್ಕೇ ಬೆಲೆಯಿದೆ.

ಜೀವಿಗಳಿಗೆ ಈ ಲೆಕ್ಕದ ಅರಿವು ಎಂದಿನಿಂದಲೋ ಇದ್ದಂತಿದೆ. ಆಕ್ಸ್‌ಫರ್ಡ್‌ನ ಜಾನ್ ಕ್ರೆಬ್ಸ್ ಮತ್ತು ಸಂಗಡಿಗರು 1978ರಲ್ಲಿ ‘ಗ್ರೇಟ್ ಟಿಟ್’ ಎಂಬ ಪುಟ್ಟ ಹಕ್ಕಿಗಳ ಮುಂದೆ ಆಹಾರ ಸಿಗುವ ಎರಡು ತಾಣಗಳನ್ನಿಟ್ಟರು. ಒಂದರಲ್ಲಿ ಆಹಾರ ಸಿಗುವ ಸಾಧ್ಯತೆ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಹಕ್ಕಿಗಳು ಮೊದಲು ಎರಡೂ ಕಡೆ ಪರೀಕ್ಷಿಸಿ ಆಮೇಲೆ ಲಾಭದ ತಾಣದಲ್ಲಿ ನೆಲೆನಿಂತವು. ಮುಂದೆ ಹೆಚ್ಚು ಸಮಯವಿದ್ದಾಗ ಪರೀಕ್ಷೆಗೂ ಹೆಚ್ಚು ಸಮಯ ಕೊಟ್ಟವು. ಟಿವಿಯ ಮುಂದೆ ಕೂತವರು ಮಾಡುವುದೂ ಇದನ್ನೇ. 1956ರಲ್ಲಿ ಜೆನಿತ್ ಕಂಪನಿಯ ರಾಬರ್ಟ್ ಆಡ್ಲರ್ ಶ್ರವಣಾತೀತ ಶಬ್ದದಿಂದ ಕೆಲಸ ಮಾಡುವ ನಿಸ್ತಂತು ರಿಮೋಟ್ ಕೊಟ್ಟ ಮೇಲೆ ಪರೀಕ್ಷೆಯ ಖರ್ಚು ಬೆರಳಿನ ಒಂದು ಒತ್ತಿಗೆ ಇಳಿಯಿತು. ಅಲ್ಲದೆ ಚಾನೆಲ್ ಬದಲಿಸಿದಾಗ ಸಿಗುವುದು ಪೋಸ್ಟರಲ್ಲ, ಜಾಹೀರಾತಿಗೆಂದು ಆಯ್ದ ತುಣುಕೂ ಅಲ್ಲ, ನಡೆಯುತ್ತಿರುವ ದೃಶ್ಯವೇ. ಸಂಭಾಷಣೆಯ ಹದ, ನಟನೆಯ ಮಟ್ಟ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಒಟಿಟಿಯಲ್ಲಾದರೋ ಮೊದಲ ಕಂತಿನ ಮೊದಲ ನಿಮಿಷದಿಂದ ಆರಂಭಿಸುವುದೇ ವಾಡಿಕೆ. ಪರೀಕ್ಷೆ ದುಬಾರಿಯಾದಷ್ಟೂ ಜನ ಪರಿಚಿತಕ್ಕೇ ಮರಳುತ್ತಾರೆ.

ಆಕ್ಷೇಪಗಳಿಲ್ಲವೇ? ಸಿಕ್ಕ ಒಂದು ಮುತ್ತಷ್ಟೇ ನೆನಪಿರುತ್ತದೆ, ವ್ಯರ್ಥವಾದ ನೂರು ಸಂಜೆಗಳು ಮರೆತುಹೋಗುತ್ತವೆ ಎನ್ನಬಹುದು. ನಿಜವೇ. ಆದರೆ ಹುಡುಕಾಟದ ಲೆಕ್ಕದಲ್ಲಿ ಬಹುಪಾಲು ಪ್ರಯತ್ನ ಸೋಲುವುದು ಮೊದಲೇ ಸೇರಿದೆ. ಸೋಲು ಅಗ್ಗವಾಗಿರಬೇಕು, ಅಷ್ಟೆ. ಚಾನೆಲ್‌ಗಳ ಸಾಲೂ ಯಾದೃಚ್ಛಿಕವಲ್ಲ, ಸೆಟ್‌ಟಾಪ್ ಬಾಕ್ಸ್ ಆನ್ ಮಾಡಿದೊಡನೆ ಕಾಣುವ ಜಾಗಕ್ಕೆ ಚಾನೆಲ್‌ಗಳು ಹಣ ಕೊಡುತ್ತವೆ ಎಂಬುದು ಎರಡನೆಯ ಆಕ್ಷೇಪ. ಅದೂ ಸರಿ. ಆದರೂ ಆ ಸಾಲು ನೀವು ನಿನ್ನೆ ಏನು ನೋಡಿದಿರಿ ಎಂಬುದನ್ನು ನೋಡಿ ಜೋಡಿಸಿದ್ದಲ್ಲ. ಹಾಗಾಗಿ ಕೊಲೆ ರಹಸ್ಯದ ಅಭಿಮಾನಿಗೆ ಅಡುಗೆ ಕಾರ್ಯಕ್ರಮವೋ ಯಕ್ಷಗಾನವೋ ಎದುರಾಗಲು ಇನ್ನೂ ಅವಕಾಶವಿದೆ.

ಮೂರನೆಯದು ಗಟ್ಟಿ ಆಕ್ಷೇಪ: ಶಿಫಾರಸು ಮಾಡುವ ಆಲ್ಗರಿದಮ್‌ಗಳೂ ಇದೇ ಬ್ಯಾಂಡಿಟ್ ಗಣಿತವನ್ನು ಬಳಸುತ್ತವಲ್ಲ? ಬಳಸುತ್ತವೆ. ಯಾವ ವೀಕ್ಷಕರಿಗೆ ಯಾವ ಪೋಸ್ಟರ್ ತೋರಿಸಬೇಕೆಂದು ನಿರ್ಧರಿಸಲು ಈ ವಿಧಾನ ಬಳಸುವುದಾಗಿ ನೆಟ್‌ಫ್ಲಿಕ್ಸ್ 2017ರಲ್ಲಿ ತಾನೇ ವಿವರಿಸಿತ್ತು. ಆದರೆ ಅಲ್ಲಿ ಜೂಜಾಡುತ್ತಿರುವುದು ಕಂಪನಿ, ಯಂತ್ರದ ಜಾಗದಲ್ಲಿರುವವರು ನಾವು. ನಾವು ಪೋಸ್ಟರ್ ಒತ್ತಿ ನೋಡತೊಡಗಿದರೆ ಅದಕ್ಕೆ ಗೆಲುವು. ನಮ್ಮ ಅಭಿರುಚಿ ಹಿಗ್ಗಿತೇ ಎಂಬುದು ಬೇರೆಯೇ ಪ್ರಶ್ನೆ. ‘ಪ್ಲೇ ಸಮ್‌ಥಿಂಗ್’ ಕೂಡ ವೀಕ್ಷಕರ ಹಳೆಯ ರುಚಿಯನ್ನು ಆಧರಿಸಿಯೇ ಆರಿಸಿಕೊಡುತ್ತಿತ್ತು. ಆದ್ದರಿಂದ ಅದರ ಸೋಲನ್ನು ಆಕಸ್ಮಿಕದ ಸೋಲೆನ್ನಲಾಗದು. ಆಲ್ಗರಿದಮ್ ಬಿಟ್ಟುಬಿಡಿ ಎನ್ನುವುದು ಇಲ್ಲಿನ ವಾದವಲ್ಲ. ಮೆಚ್ಚಿದ್ದನ್ನು ಮತ್ತೆ ಸವಿಯಲು ಅದು ಒಳ್ಳೆಯ ಸಾಧನ. ಹುಡುಕಾಟವನ್ನು ಮಾತ್ರ ಅದಕ್ಕೆ ಪೂರ್ತಿ ಗುತ್ತಿಗೆ ಕೊಡಬೇಡಿ. ನೋಡುವ ಸಮಯದಲ್ಲಿ ಒಂದು ಪಾಲನ್ನು ಯಾರೂ ಶಿಫಾರಸು ಮಾಡದ್ದಕ್ಕೆ ಮೀಸಲಿಡಿ.