ಮಗು ಬೆಳೆದರೆ ಔಷಧಿಯ ಲೆಕ್ಕವೂ ಬೆಳೆಯುತ್ತೆ

ಮಗುವಿನ ತೂಕ ಹೆಚ್ಚಾದರೆ ಯಾವ ಮನೆಯಲ್ಲಾದರೂ ಖುಷಿ ಪಡ್ತಾರೆ. ಆದರೆ ಗೌಚರ್ ಅನ್ನೋ ಅಪರೂಪದ ಕಾಯಿಲೆ ಇರುವ ಮನೆಯಲ್ಲಿ ಆ ಖುಷಿಯ ಜೊತೆಗೇ ಒಂದು ಲೆಕ್ಕವೂ ಶುರುವಾಗುತ್ತೆ.

ಏನಿದು ಗೌಚರ್? ನಮ್ಮ ದೇಹದಲ್ಲಿ ಒಂದು ಬಗೆಯ ಕೊಬ್ಬನ್ನು ಒಡೆಯೋಕೆ ಒಂದು ಕಿಣ್ವ ಇದೆ. ಇವರಿಗೆ ಹುಟ್ಟಿನಿಂದಲೇ ಅದರ ಕೊರತೆ. ಹಾಗಾಗಿ ಆ ಕೊಬ್ಬು ಗುಲ್ಮ, ಯಕೃತ್ತು, ಮೂಳೆಯ ಮಜ್ಜೆಯಲ್ಲಿ ತುಂಬಿಕೊಳ್ಳುತ್ತದೆ. ಹೊಟ್ಟೆ ಊದುತ್ತದೆ, ರಕ್ತ ಕಡಿಮೆಯಾಗುತ್ತದೆ, ಮೂಳೆ ನೋಯುತ್ತದೆ. ಫ್ರಾನ್ಸಿನ ವೈದ್ಯ ಫಿಲಿಪ್ ಗೌಚರ್ 1882ರಲ್ಲೇ ಇದನ್ನು ವಿವರಿಸಿದ್ದರು. ಇಲ್ಲದ ಕಿಣ್ವವನ್ನು ಡ್ರಿಪ್ ಮೂಲಕ ಕೊಡುವ ಚಿಕಿತ್ಸೆಗೆ ಅಮೆರಿಕ ಒಪ್ಪಿಗೆ ಕೊಟ್ಟಿದ್ದು 1991ರಲ್ಲಿ. ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ ಡ್ರಿಪ್. ಅದೂ ಜೀವನಪೂರ್ತಿ.

ಮಿದುಳಿಗೆ ತಟ್ಟದ ಮೊದಲ ಬಗೆಯ ಗೌಚರ್ ಇದ್ದು, ಚಿಕಿತ್ಸೆ ಸಿಕ್ಕರೆ ಆ ಮಗು ಬೆಳೆಯುತ್ತೆ, ಓದುತ್ತೆ, ಮುಂದೆ ಕೆಲಸಕ್ಕೂ ಹೋಗುತ್ತೆ. ನಿಜವಾದ ತೊಡಕು ಶುರುವಾಗೋದೇ ಅಲ್ಲಿ. ಈ ಔಷಧಿಯನ್ನು ಕೊಡೋದು ದೇಹದ ತೂಕ ನೋಡಿ. ಕೆ.ಜಿ.ಗೆ 60 ಯೂನಿಟ್ ಅಂತ ಹಿಡಿಯಿರಿ. 10 ಕೆ.ಜಿ. ಮಗುವಿಗೆ ಒಂದು ಸಲಕ್ಕೆ 600 ಯೂನಿಟ್ ಸಾಕು. ಅದೇ ಮಗು 50 ಕೆ.ಜಿ. ತೂಗುವ ಯುವಕನಾದಾಗ 3,000 ಯೂನಿಟ್ ಬೇಕು. ಖರ್ಚು ನೇರ ಐದು ಪಟ್ಟು!

ಸರ್ಕಾರ ಏನ್ ಮಾಡಿದೆ? 2021ರಲ್ಲಿ ಕೇಂದ್ರ ಸರ್ಕಾರ ಅಪರೂಪದ ಕಾಯಿಲೆಗಳಿಗೆ ರಾಷ್ಟ್ರೀಯ ನೀತಿ ತಂದಿತು. 2022ರಲ್ಲಿ ಒಬ್ಬ ರೋಗಿಗೆ 50 ಲಕ್ಷ ರೂಪಾಯಿವರೆಗೆ ನೆರವು ಅಂದಿತು. ಒಳ್ಳೆಯ ಹೆಜ್ಜೆ, ಒಪ್ಪೋಣ. ಆದರೆ ಅದು ವರ್ಷಕ್ಕೆ 50 ಲಕ್ಷ ಅಲ್ಲ, ಒಬ್ಬರಿಗೆ ಒಟ್ಟು 50 ಲಕ್ಷ. ಔಷಧಿ ಮಾತ್ರ ಬದುಕಿರುವಷ್ಟು ದಿನವೂ ಬೇಕು.

ಇನ್ನೊಂದು ವಿಷ್ಯ ನೋಡಿ. ಈ ನೀತಿಯ ಕೇಂದ್ರಗಳ ಪಟ್ಟಿಯಲ್ಲಿ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ. ಹೆಸರೇ ಹೇಳುವಂತೆ ಅದು ಮಕ್ಕಳ ಆಸ್ಪತ್ರೆ. ಹಾಗಾದರೆ 25 ವರ್ಷದವರು ಮೂಳೆ ನೋವು ಅಂತ ಯಾರ ಹತ್ತಿರ ಹೋಗಬೇಕು? ದೊಡ್ಡವರನ್ನು ನೋಡುವ ಎಷ್ಟೋ ವೈದ್ಯರು ತಮ್ಮ ವೃತ್ತಿಜೀವನದಲ್ಲಿ ಒಬ್ಬ ಗೌಚರ್ ರೋಗಿಯನ್ನೂ ಕಂಡಿರಲ್ಲ.

ಕೆಲಸ ಸಿಕ್ಕರೆ ಹದಿನೈದು ದಿನಕ್ಕೊಮ್ಮೆ ರಜೆ ಕೇಳಬೇಕು. ಮದುವೆ ಮಾತು ಬಂದರೆ "ಮಕ್ಕಳಿಗೂ ಬರುತ್ತಾ?" ಅನ್ನೋ ಪ್ರಶ್ನೆ. ಉತ್ತರ ಸರಳ. ಸಂಗಾತಿಯಲ್ಲೂ ಆ ದೋಷವಿರುವ ಜೀನ್ ಇದ್ದರೆ ಮಾತ್ರ ಮಗುವಿಗೆ ಕಾಯಿಲೆ ಬರಬಹುದು. ಅದನ್ನು ಮೊದಲೇ ಪರೀಕ್ಷೆ ಮಾಡಿಸಿ ತಿಳಿಯಬಹುದು.

ಮಗುವಾಗಿದ್ದಾಗ ಉಳಿಸಿ, ದೊಡ್ಡವರಾದ ಮೇಲೆ ಔಷಧಿ ನಿಲ್ಲಿಸಿದರೆ ಊದಿದ ಹೊಟ್ಟೆ, ಮೂಳೆ ನೋವು ಮತ್ತೆ ಬರುತ್ತೆ. ಹಾಗಾದರೆ ಅಷ್ಟು ವರ್ಷ ಕೊಟ್ಟ ಚಿಕಿತ್ಸೆಗೆ ಏನರ್ಥ? ಇದಕ್ಕೆ ನೀತಿ ಬರೆದವರೇ ಉತ್ತರ ಕೊಡಬೇಕು.